ಆಗಿಬರದ ಹಣ್ಣು

ಶಿರಗುಪ್ಪಿಯ ವಿರುಪಾಕ್ಷಪ್ಪನ ಮನೆಗೆ ಟಮಾಟಿ ಆಗಿಬರುತ್ತಿರಲಿಲ್ಲ. ಆಗಿಬರುವುದಿಲ್ಲ ಎಂದಮೇಲೆ ಮುಗಿಯಿತು, ಯಾಕೆ ಏನು ಎಂದು ಕೇಳುವ ಪದ್ಧತಿಯೇ ಆ ಊರಲ್ಲಿಲ್ಲ. ಹುಡುಕಿದರೆ ಮನೆಗೊಂದು ಇಂಥದ್ದು ಸಿಗುತ್ತದೆ. ಒಬ್ಬರಿಗೆ ಬಿಳಿ ಹೋರಿ ಆಗಿಬರುವುದಿಲ್ಲ, ಇನ್ನೊಬ್ಬರಿಗೆ ಹಸಿರು ಸೀರೆ. ಓಣಿಯ ತುದಿಯ ಮನೆಯವರಂತೂ ಹಪ್ಪಳ ಮಾಡುವ ಹಾಗೇ ಇಲ್ಲ. ಬೇರೆಯವರು ಮಾಡಿ ಕೊಟ್ಟರೆ ಮಾತ್ರ ಬುಟ್ಟಿಗಟ್ಟಲೆ ತಿನ್ನಲು ಅವರಿಗೇನೂ ಅಡ್ಡಿಯಿಲ್ಲ.

ವಿರುಪಾಕ್ಷಪ್ಪನ ಮನೆಯ ಕಟ್ಟಳೆಯೂ ಅಂಥದ್ದೇ. ಟಮಾಟಿ ಬೆಳೆಯಬಹುದು, ಮಾರಬಹುದು. ಹೊಸ್ತಿಲು ದಾಟಿ ಒಳಗೆ ಬರಬಾರದು, ಮನೆಮಂದಿಯ ಬಾಯಿಗೆ ಬೀಳಬಾರದು. ಎಂಬತ್ತೆಂಟರ ಚಳಿಗಾಲದಲ್ಲಿ ಮಗ ಬಾಬಾಸಾಹೇಬ ಎಳೆ ಕಬ್ಬಿನ ಸಾಲುಗಳ ನಡುವೆ ಟಮಾಟಿ ಹಚ್ಚಿದ್ದ. ಅರೆಗಾಯಿ ಇರುವಾಗಲೇ ಹರಿಸಿ, ಪೇಟಿ ತುಂಬಿ, ಹೊಲದಿಂದಲೇ ಟೆಂಪೋಕ್ಕೆ ಏರಿಸಿ ಮಿರಜಿಗೆ ಕಳಿಸುತ್ತಿದ್ದ. ಗಿಡದಲ್ಲೇ ಹಣ್ಣಾದವು ಟೆಂಪೋದ ಕುಲುಕಾಟ ತಡೆಯುವುದಿಲ್ಲವೆಂದು ಅಲ್ಲೇ ಉಳಿಯುತ್ತಿದ್ದವು. ಕೂಲಿಗೆ ಬಂದ ಹೆಂಗಸರು ಅವನ್ನು ರೊಟ್ಟಿಗೆ ನಂಜಿಕೊಂಡು ತಿನ್ನುತ್ತಿದ್ದರು, ಮಿಕ್ಕಿದ್ದು ಎಮ್ಮೆಗೆ. ಟಮಾಟಿ ತಿಂದ ಎಮ್ಮೆಯ ಹಾಲು ನಮಗೆ ಆಗಿಬರುತ್ತದೋ ಇಲ್ಲವೋ ಎಂದು ಬಾಬಾಸಾಹೇಬ ಒಮ್ಮೆ ಚೇಷ್ಟೆಗೆ ಕೇಳಿ ಅವ್ವನ ಕೈಲಿ ಹೊಟ್ಟೆತುಂಬ ಬೈಸಿಕೊಂಡಿದ್ದ.

ಅವ್ವ ಎಂದರೆ ಕಾಳವ್ವ. ಕಟ್ಟಳೆಗೆ ಕಾವಲು ನಿಂತವಳು ಅವಳೇ. ಅವಳ ಕಾವಲಿಗೆ ಕಾರಣವಿತ್ತು, ಆ ಕಾರಣಕ್ಕೊಂದು ಹೆಸರೂ ಇತ್ತು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿ ವರ್ಷಗಳೇ ಆಗಿದ್ದವು.

ರುಕ್ಮಿ ಅವಳ ಚೊಚ್ಚಲ ಕೂಸು. ಮಾತು ಕಲಿತು ಮನೆ ತುಂಬ ಓಡಾಡುವ ವಯಸ್ಸು. ಆಗ ಈ ಕಡೆಯ ಹಳ್ಳಿಗಳಿಗೆ ಟಮಾಟಿ ಇನ್ನೂ ಹೊಸದು. ಮಿರಜಿನ ಸಂತೆಗೆ ಹೋದ ವಿರುಪಾಕ್ಷಪ್ಪ ಅಲ್ಲಿ ಯಾರೋ ಕೊಟ್ಟ ಒಂದು ಹಣ್ಣು ತಿಂದು ನೋಡಿ, ರುಚಿಗೆ ಮರುಳಾಗಿ, ಟವೆಲ್ಲಿನ ತುಂಬ ಕಟ್ಟಿಕೊಂಡು ಬಂದ. ಕಾಳವ್ವ ಪಲ್ಯ ಮಾಡಿದಳು. ಎಲ್ಲರೂ ಬೆರಳು ಚೀಪಿದರು. ಉಳಿದದ್ದನ್ನು ಮರುದಿನ ಮುಂಜಾನೆ ಬಿಸಿ ಮಾಡಿ ಬಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಮನೆಗೆ ಮನೆಯೇ ವಾಂತಿ ಮಾಡಿಕೊಂಡು ಬಿದ್ದಿತು. ದೊಡ್ಡವರು ಹೇಗೋ ಎದ್ದು ಕೂತರು. ರುಕ್ಮಿ ಮಾತ್ರ, ಚಕ್ಕಡಿ ಮಿರಜಿನ ದವಾಖಾನೆ ಮುಟ್ಟುವ ಮೊದಲೇ, ತಾಯಿಯ ತೊಡೆಯ ಮೇಲೆ ತಣ್ಣಗಾಗಿಬಿಟ್ಟಳು.

ಆ ಕೆಂಪು ಹಣ್ಣು ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ ಎಂದು ಅಂದೇ ಸಂಜೆ, ಓಣಿಯ ಮಂದಿಯೆಲ್ಲ ಕೇಳುವ ಹಾಗೆ, ಕಾಳವ್ವನ ಅತ್ತೆ ರಾಮವ್ವ ಹೇಳಿದಳು. ಪಲ್ಯ ಮಾಡಿದ ತಾಮ್ರದ ಬೋಗುಣಿಯನ್ನೂ, ಸೊಸೆ ಅದನ್ನು ನೋಡಿ ಅಳುವುದು ಬೇಡವೆಂದು, ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಕಾಳವ್ವ ಆಗ ಹೊತ್ತುಗೊತ್ತಿಲ್ಲದೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಅತ್ತೆ ಹಿಂದೆಯೇ ಹೋಗಿ ಕೈಹಿಡಿದು ಕರೆತರುತ್ತಿದ್ದಳು, ಮಲಗುವಾಗ ತನ್ನ ಸೆರಗಿಗೆ ಸೊಸೆಯ ಸೆರಗನ್ನು ಗಂಟು ಹಾಕಿಕೊಂಡು ಮಲಗುತ್ತಿದ್ದಳು. ಹೀಗೆ ಅವಳನ್ನು ಉಳಿಸಿದರು. ಮುಂದೆ ಬಾಬಾಸಾಹೇಬ ಹುಟ್ಟಿದ, ಬೆಳೆದ. ರಾಮವ್ವ ತನ್ನ ಕಾಲಕ್ಕೆ ತಾನು ತೀರಿಕೊಂಡಳು.

ಕಾಳವ್ವ ಕೆಟ್ಟವಳಲ್ಲ, ಆದರೆ ನಾಲಿಗೆ ಸ್ವಲ್ಪ ಹರಿತ. ಗಂಡನ ಮೇಲೆ ಸಿಟ್ಟು ಬಂದಾಗ, ಎಲ್ಲಿಯದೋ ಮಾತು ಎಲ್ಲಿಗೋ ಹೋಗಿ, ಆ ಹಣ್ಣು ತಂದವರು ನೀವೇ ಅಲ್ಲವೇ ಎಂದುಬಿಡುತ್ತಿದ್ದಳು. ಮಗ ಮದುವೆಗೆ ಬಂದಮೇಲೂ ಅಂದದ್ದುಂಟು. ವಿರುಪಾಕ್ಷಪ್ಪ ಎದುರು ಮಾತಾಡಿದವನೇ ಅಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ದನದ ಕೊಟ್ಟಿಗೆಯ ಕಡೆಗೆ ನಡೆಯುತ್ತಿದ್ದ. ಅವನ ಬಾಯಿಗೂ ಮತ್ತೆಂದೂ ಟಮಾಟಿ ಬೀಳಲಿಲ್ಲ. ನೆಂಟರ ಮದುವೆಯೂಟದಲ್ಲಿ ಸಾರಿನಲ್ಲಿ ಒಂದು ಹೋಳು ಬಂದರೂ ಎಲೆಯ ಅಂಚಿಗೆ ಸರಿಸಿ, ನಮ್ಮ ಮನೆಗೆ ಆಗಿಬರುವುದಿಲ್ಲ ಎಂದು ನಗುತ್ತಿದ್ದ.

ಇಂಥ ಮನೆಗೆ ಸೊಸೆಯಾಗಿ ಬಂದವಳು ರಾಯಬಾಗದ ಕಡೆಯ ಚನ್ನವ್ವ. ತವರಿನಲ್ಲಿ ಟಮಾಟಿಯಿಲ್ಲದೆ ಸಾರು ಕಂಡವಳಲ್ಲ. ಬಂದ ವಾರದಲ್ಲೇ ಕಾಳವ್ವ ಅವಳನ್ನು ಕೂಡಿಸಿಕೊಂಡು ಕಟ್ಟಳೆ ಹೇಳಿದಳು. ಹುಡುಗಿ ತಲೆಯಾಡಿಸಿದಳು. ಮುಂದೆ ಬಸುರಾದಳು. ಐದರಲ್ಲಿ ನಡೆದಿತ್ತು. ಎಲ್ಲರಿಗೂ ಹಿಗ್ಗು, ಆದರೆ ಹುಡುಗಿಯ ಮುಖದ ಬಣ್ಣ ದಿನದಿನಕ್ಕೆ ಇಳಿಯತೊಡಗಿತು. ಕೊಡ ಎತ್ತಿದರೆ ತೇಕು, ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ.

ಕಾಗವಾಡದಿಂದ ಬರುವ ನರ್ಸ್ ಭೀಮಾಬಾಯಿ ಅವಳ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿ ನೋಡಿದಳು. ರಕ್ತ ಬಹಳ ಕಡಿಮೆ, ಹೀಗೇ ಬಿಟ್ಟರೆ ಹೆರಿಗೆಯಲ್ಲಿ ತಾಯಿಗೂ ಆಪತ್ತು, ಕೂಸಿಗೂ ಆಪತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಗುಳಿಗೆ ಕೊಟ್ಟು, ಏನು ತಿನ್ನಿಸುತ್ತೀರಿ ಎಂದು ವಿಚಾರಿಸಿದಳು. ಕಾಳವ್ವ ಜಂಬದಿಂದಲೇ ಹೇಳಿದಳು: ಮೆಂತೆಪಲ್ಯ, ರಾಜಗಿರಿ, ಶೇಂಗಾ, ಬೆಲ್ಲ, ಮೇಲೆ ಒಂದು ದೊಡ್ಡ ಕಪ್ಪು ಚಹಾ. ಭೀಮಾಬಾಯಿ ನಕ್ಕಳು. ಊಟದ ಬೆನ್ನಿಗೇ ಚಹಾ ಕೊಟ್ಟರೆ, ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡ ಹಾಗೆ ಎಂದಳು. ಆಮೇಲೆ ಬಾಗಿಲಾಚೆ ಹೊಲದ ದಿಕ್ಕಿಗೆ ಕೈ ಮಾಡಿದಳು.

"ಪಲ್ಯದಾಗಿನ ಕಬ್ಬಿಣದ ಅಂಶ ಮೈಗೆ ಹತ್ತಬೇಕಂದ್ರ ಜೋಡಿಗೆ ಹುಳಿ ಬೇಕ್ರಿ, ಕಾಳಕ್ಕ. ನಿಮ್ಮ ಹೊಲದಾಗ ಟಮಾಟಿ ಬಿದ್ದು ಹಾಳಾಗಾಕತ್ತಾವ. ಗಿಡದಾಗ ಕೆಂಪಾಗಿದ್ದು ಹರದು, ತೊಳದು, ಹಸೀದನ್ನ ರೊಟ್ಟಿ ಜೋಡಿ ಕೊಡ್ರಿ. ಪೇಟಿಯೊಳಗ ಹಣ್ಣ ಮಾಡಿದ್ದರಾಗ ಅಷ್ಟ ಸತ್ವ ಇರೂದಿಲ್ಲ. ಈಗ ಅದರ ಕಾಲ ಐತಿ, ಈಗ ತಿಂದ್ರನ ಗುಣ."

ಇನ್ನೂ ಬಹಳ ಹೇಳಿದಳು. ಅದು ಕಣ್ಣಿಗೆ ಒಳ್ಳೆಯದು, ಒಸಡಿಗೆ ಒಳ್ಳೆಯದು. ಬೇಯಿಸುವುದಾದರೆ ತುಸು ಎಣ್ಣೆ ಬಿಟ್ಟು ಬೇಯಿಸಿ, ಆ ಕೆಂಪಿನ ಸತ್ವ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಬಸುರಿಗೆ ಮಾತ್ರವಲ್ಲ, ಮನೆಮಂದಿಯೆಲ್ಲ ತಿನ್ನಿ, ಹೊಲದಲ್ಲಿ ಪುಕ್ಕಟೆ ಸಿಗುವ ಔಷಧ. ಕಾಳವ್ವ ಹೂಂ ಹೂಂ ಎನ್ನುತ್ತ ಎಲ್ಲ ಕೇಳಿ, ಅದೇ ಚಹಾ ಕುಡಿಸಿ ಅವಳನ್ನು ಕಳಿಸಿಕೊಟ್ಟಳು.

ಆಮೇಲೆ ಸೊಸೆಯ ಊಟದಿಂದ ಚಹಾ ದೂರವಾಯಿತು. ಹುಳಿ ಬೇಕೆಂದರೆ ನಿಂಬೆಹಣ್ಣಿಲ್ಲವೇ ಎಂದು ಕಾಳವ್ವ ಪಲ್ಯದ ಮೇಲೆ ಹಿಂಡಿ ಕೊಟ್ಟಳು. ಚನ್ನವ್ವನಿಗೆ ಎದೆ ಉರಿದು ತಿಂದದ್ದೆಲ್ಲ ಹೊರಗೆ ಬಂತು. ಗುಳಿಗೆಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕಾಳವ್ವನಿಗೆ ಒಳಗೊಳಗೇ ಹೆದರಿಕೆ ಹತ್ತಿತು, ಮನೆದೇವರಿಗೆ ಹರಕೆ ಹೊತ್ತಳು. ಒಂದು ದಿನ ಸೊಸೆಯ ತಲೆ ಬಾಚುತ್ತ, ನಿನ್ನ ಬಯಕೆ ಏನು, ಬಾಯಿಬಿಟ್ಟು ಹೇಳು ಎಂದು ಕೇಳಿದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತವೆ ಎಂಬುದು ಆ ಕಡೆಯ ನಂಬಿಕೆ. ಹುಡುಗಿ ಬಹಳ ಹೊತ್ತು ನೆಲ ಕೆರೆದು, ಕೊನೆಗೆ, ಟಮಾಟಿ ಎಂದಳು.

ಕಾಳವ್ವನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. "ಅದೊಂದ ಬಿಟ್ಟು ಏನರ ಕೇಳವಾ" ಎಂದಳು. ಚನ್ನವ್ವ ಬೇರೆ ಏನನ್ನೂ ಕೇಳಲಿಲ್ಲ.

ಅಲ್ಲಿಂದ ಕೆಲವು ವಾರ ಕಳೆದಿರಬೇಕು. ಗಂಡನಿಗೆ ಬುತ್ತಿ ಒಯ್ಯುವುದು ಚನ್ನವ್ವನ ಕೆಲಸ. ಮೈಗೆ ತುಸು ಓಡಾಟವಾಗುತ್ತದೆಂದು ಕಾಳವ್ವ ಬೇಡ ಅಂದಿರಲಿಲ್ಲ. ಆ ದಿನ ಎಮ್ಮೆಗೆ ಹಸಿಮೇವು ಬೇಕಾಗಿ ತಾನೂ ಹಿಂದಿನಿಂದ ಹೊಲಕ್ಕೆ ಹೋದಳು. ಎಳೆ ಕಬ್ಬು ಸೊಂಟದ ಮಟ್ಟ ಬಂದಿತ್ತು. ಅದರಾಚೆ ಬದುವಿನ ಮೇಲೆ ಕೂಲಿಯ ಹೆಂಗಸರ ನಡುವೆ ಸೊಸೆ ಕೂತಿದ್ದಳು. ಎಡಗೈಯಲ್ಲಿ ರೊಟ್ಟಿ, ಅದರ ಮೇಲೆ ಮೆಂತೆಪಲ್ಯ. ಬಲಗೈಯಲ್ಲಿ ಮುಷ್ಟಿಗಾತ್ರದ ಕೆಂಪು ಹಣ್ಣು. ಉಪ್ಪಿಗೆ ಒತ್ತಿ ಕಚ್ಚಿದಳು. ರಸ ಮೊಣಕೈತನಕ ಇಳಿಯಿತು. ಏನೋ ಮಾತಿಗೆ ನಗುತ್ತ, ಮತ್ತೆ ಕಚ್ಚಿದಳು.

ಕಾಳವ್ವ ಕಬ್ಬಿನ ಸಾಲಿನಲ್ಲೇ ಕುಸಿದು ಕೂತಳು. ಕೂಗಬೇಕೆಂದು ಬಾಯಿ ತೆರೆದವಳು, ಹುಡುಗಿ ಬೆದರಿ ಗಂಟಲಿಗೆ ಸಿಕ್ಕಿಸಿಕೊಂಡಾಳೆಂದು ಮುಚ್ಚಿಕೊಂಡಳು. ಹೊಟ್ಟೆಗೆ ಹೋದದ್ದನ್ನು ಇನ್ನು ಯಾರು ತೆಗೆಯಬಲ್ಲರು? ಮೇವೂ ಮರೆತು, ಬಂದ ದಾರಿಯಲ್ಲೇ ಮನೆಗೆ ಹೋದಳು.

ಆ ಮಧ್ಯಾಹ್ನ ಕಾಳವ್ವ ಬದುಕಿದ ರೀತಿ ಯಾವ ಹಗೆಗೂ ಬೇಡ. ನೀರು ಕಾಯಿಸಿ ಆರಿಸಿ, ಉಪ್ಪು ಸಕ್ಕರೆ ಹಾಕಿ ಇಟ್ಟಳು. ಟೆಂಪೋ ಇಂದು ಎಲ್ಲಿಗೂ ಕಳಿಸಬೇಡ, ಮನೆಯ ಮುಂದೆ ನಿಂತಿರಲಿ ಎಂದು ಮಗನಿಗೆ ಹೇಳಿಕಳಿಸಿದಳು, ಯಾಕೆಂದು ಹೇಳಲಿಲ್ಲ. ಚನ್ನವ್ವ ಬಂದು ಕಸ ಗುಡಿಸಿದಳು, ಅಕ್ಕಿ ಆರಿಸಿದಳು. ಅವಳು ಒಂದು ಸಲ ಕೆಮ್ಮಿದರೆ ಕಾಳವ್ವ ಎದ್ದು ನಿಲ್ಲುತ್ತಿದ್ದಳು. ಹೊತ್ತು ಇಳಿಯಿತು. ಹುಡುಗಿ ರೊಟ್ಟಿ ಬಡಿದಳು, ಬಡಿಯುತ್ತ ಏನನ್ನೋ ಗುನುಗಿದಳು, ಉಂಡಳು, ಉಂಡು ಇನ್ನರ್ಧ ರೊಟ್ಟಿ ಹಾಕಿಸಿಕೊಂಡಳು. ಏನೂ ಆಗಲಿಲ್ಲ.

ಕಾಳವ್ವನಿಗೆ ಇನ್ನು ತಡೆಯಲಾಗಲಿಲ್ಲ. ಒಲೆಯ ಮುಂದೆ ಅವಳನ್ನು ಹತ್ತಿರ ಕರೆದು, ಹೊಲದಲ್ಲಿ ಕಂಡದ್ದನ್ನು ಹೇಳಿ, ಎಂದಿನಿಂದ ತಿನ್ನುತ್ತಿದ್ದೀ ಎಂದು ಕೇಳಿದಳು. ಚನ್ನವ್ವ ಅಳುತ್ತ ಕಾಲು ಹಿಡಿದಳು.

"ನೀವು ಬಯಕಿ ಕೇಳಿದ ಮರುದಿನದಿಂದ್ರಿ, ಅತ್ತಿ. ದಿನಾ ತಿಂದೀನ್ರಿ. ಬಾಯಿ ತಡೀಲಿಲ್ಲ, ತಪ್ಪಾತ್ರಿ."

ಕಾಳವ್ವ ಬೈಯಲಿಲ್ಲ. ಸೊಸೆಯ ಕೈಯನ್ನು ದೀಪದ ಬೆಳಕಿಗೆ ಎಳೆದು ಉಗುರು ಒತ್ತಿ ನೋಡಿದಳು. ಬಿಟ್ಟ ಕೂಡಲೇ ರಕ್ತ ಓಡಿಬಂತು. ನರ್ಸ್ ಮಾಡಿದ ಹಾಗೆ ಕೆಳರೆಪ್ಪೆ ಎಳೆದು ನೋಡಿದಳು. ಸುಣ್ಣದ ಗೋಡೆಯಂತಿದ್ದದ್ದು ಕೆಂಪಗಾಗಿತ್ತು. ತೇಕು ನಿಂತಿದ್ದನ್ನು, ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದನ್ನು ಆಗ ನೆನೆಸಿಕೊಂಡಳು. ತನ್ನ ಹರಕೆಯ ಫಲ ಎಂದುಕೊಂಡಿದ್ದಳು! ಹುಡುಗಿ ಉಳಿದಳು, ಕೂಸು ಉಳಿಯಿತು ಎಂದು ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಅಳಬೇಡ ಎಂದು ಕಣ್ಣೊರೆಸಿ ಮಲಗಲು ಕಳಿಸಿದಳು.

ಸಂತೋಷದ ಹಿಂದೆಯೇ ಇನ್ನೊಂದು ವಿಚಾರ ಬಂತು. ಅದೇ ಮನೆ, ಅದೇ ಹಣ್ಣು. ಬಸುರಿಯ ಹೊಟ್ಟೆಗೆ ಏನೂ ಮಾಡಲಿಲ್ಲ. ಹಾಗಾದರೆ ಆ ದಿನ ಮಾಡಿದ್ದು ಏನು?

ಬೆಳಗಾಗುತ್ತಲೇ ಏಣಿ ಹಾಕಿ ಅಟ್ಟ ಹತ್ತಿ, ಗೋಣಿತಟ್ಟಿನ ಗಂಟನ್ನು ಇಳಿಸಿದಳು. ಬಿಚ್ಚುವ ಮೊದಲು ಹಿತ್ತಿಲ ಬಾಗಿಲು ಮುಚ್ಚಿಕೊಂಡಳು. ಬೋಗುಣಿಯ ಅಂಚಿನಲ್ಲಿ ಉಗುರಿನಷ್ಟು ತವರದ ಕಲಾಯಿ ಉಳಿದಿತ್ತು. ಒಳಗೆಲ್ಲ ಬೋಳು ತಾಮ್ರ, ಅದರ ಮೇಲೆ ಹಸಿರು ಕಿಲುಬು.

ಕಲಾಯಿ ಹೋದ ತಾಮ್ರದಲ್ಲಿ ಹುಳಿ ಬೇಯಿಸಬಾರದು, ವಿಷವಾಗುತ್ತದೆ. ಇದು ಆ ಊರಿನ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಹುಣಸೆಯ ಸಾರು, ಮಜ್ಜಿಗೆಯ ಕಡಿ ಎಲ್ಲ ಮಣ್ಣಿನ ಗಡಿಗೆಗೆ. ಹೊಸ ಸೊಸೆಯಾಗಿದ್ದ ಕಾಳವ್ವನೂ ಅದನ್ನು ಒಂದು ದಿನವೂ ತಪ್ಪಿದವಳಲ್ಲ. ಆದರೆ ಆ ದಿನ ಗಂಡ ತಂದದ್ದನ್ನು ಅವಳು ಹುಳಿ ಎಂದು ನೋಡಲೇ ಇಲ್ಲ. ಬದನೆಯ ಹಾಗೇ ನುಣುಪು ಸಿಪ್ಪೆ, ತಲೆಯ ಮೇಲೆ ಹಸಿರು ತೊಟ್ಟಿನ ಟೊಪ್ಪಿಗೆ, ಹೆಚ್ಚಿದರೆ ಒಳಗೆ ಬೀಜ. ಓಣಿಯವರೂ ನೋಡಿ ಚಪ್ಪರಬದನೆ ಎಂದಿದ್ದರು. ಬದನೆಪಲ್ಯ ಯಾವತ್ತೂ ಬೇಯುತ್ತಿದ್ದದ್ದು ಈ ತಾಮ್ರದ ಬೋಗುಣಿಯಲ್ಲೇ. ಆ ವರ್ಷ ಕಲಾಯಿಯವನು ಊರ ಕಡೆ ಬಂದಿರಲಿಲ್ಲ. ಬದನೆಗೆ ಕಲಾಯಿ ಇದ್ದರೇನು, ಬಿಟ್ಟರೇನು! ಬೇಯಿಸಿದಳು, ರುಚಿ ನೋಡಿದಳು, ಯಾಕೋ ಹುಳಿಯಾಯಿತೆಂದು ಬೆಲ್ಲ ಹಾಕಿದಳು. ಉಳಿದದ್ದನ್ನು ಅದರಲ್ಲೇ ಬಿಟ್ಟು, ಮುಂಜಾನೆ ಅದರಲ್ಲೇ ಬಿಸಿ ಮಾಡಿದಳು.

ಇನ್ನೊಂದು ನೆನಪಾಯಿತು. ಮುಂದೆ ಪ್ರತಿ ವರ್ಷ ಕಲಾಯಿಯವನು ಬಂದು ಬೇವಿನ ಮರದಡಿ ತಿದಿ ಹೂಡಿದಾಗ, ಮನೆಯ ಪಾತ್ರೆಯೆಲ್ಲ ಹೊರಗೆ ಹೋಗುತ್ತಿದ್ದವು, ಇದೊಂದು ಹೋಗುತ್ತಿರಲಿಲ್ಲ. ತೆಗೆಯಲೇ ಎಂದು ಕಾಳವ್ವ ಒಮ್ಮೆ ಕೇಳಿದಾಗ, ಅದನ್ನು ಮುಟ್ಟಬೇಡ ಎಂದು ಅತ್ತೆ ಗದರಿದ್ದಳು. ಅಷ್ಟು ಮೆತ್ತಗಿನ ಅತ್ತೆ ಗದರಿದ್ದು ಅದೊಂದೇ ಸಲ.

ವಿರುಪಾಕ್ಷಪ್ಪ ಕೊಟ್ಟಿಗೆಯಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದ. ಕಾಳವ್ವ ಬೋಗುಣಿಯನ್ನು ತಂದು ಅವನ ಮುಂದೆ ಇಟ್ಟಳು. ಅವನು ಬೋಗುಣಿ ನೋಡಿದ, ಅವಳನ್ನು ನೋಡಿದ, ಕೈಯಲ್ಲಿದ್ದ ಹುಲ್ಲಿನ ಸಿಂಬೆ ಕೆಳಗಿಟ್ಟ. ಅದನ್ನು ಕಂಡೇ ಅವಳಿಗೆ ತಿಳಿಯಿತು, ಆದರೂ ಕೇಳಿದಳು.

"ನಿಮಗ ಗೊತ್ತಿತ್ತೇನ್ರಿ?"

ವಿರುಪಾಕ್ಷಪ್ಪ ಗೋಡೆಗೊರಗಿ ಕೂತು, ಅವಳನ್ನೂ ಕೂಡಲು ಹೇಳಿದ.

"ಅವತ್ತ ಸಂಜಿಗೆ ಅವ್ವ ಬೋಗುಣಿ ತಿಕ್ಕಾಕ ತಗೊಂಡಾಗ ಕಲಾಯಿ ಹೋಗಿದ್ದ ನೋಡಿದ್ಳು. ನನ್ನ ಒಬ್ಬಾಂವನ್ನ ಕರದ್ಳು. ಕೂಸಂತೂ ಹ್ವಾತು, ಇದ ಗೊತ್ತಾತಂದ್ರ ಅಕಿನೂ ಉಳಿಯೂದಿಲ್ಲ ಅಂದ್ಳು. ಹಣ್ಣಿನ ಮ್ಯಾಲ ಹಾಕಿಬಿಡೂಣು, ಹಣ್ಣಿಗೇನ ಕರುಳ ಐತೇನು ಅಂದ್ಳು."

ಕಾಳವ್ವ ಬೋಗುಣಿಯ ಪಕ್ಕದಲ್ಲೇ ಕೂತು ಅತ್ತಳು. ಕೂಸಿಗಾಗಿ ಅತ್ತಳು. ಸೆರಗಿಗೆ ಸೆರಗು ಗಂಟು ಹಾಕಿ ಮಲಗಿದ್ದ ಅತ್ತೆಗಾಗಿ ಅತ್ತಳು. ಸಾಯುವತನಕ ಆ ತಪ್ಪಿಗಾಗಿ ಒಂದು ಕಟುಮಾತು ಆಡದೆ ಹೋದಳಲ್ಲ ಪುಣ್ಯಾತ್ಮಳು. ಎಲ್ಲಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ತನ್ನದೇ ಮಾತು. ಹಣ್ಣು ತಂದವರು ನೀವೇ ಎಂದು ಎಷ್ಟು ಸಲ ಅಂದಿದ್ದಳು! ಬೋಗುಣಿಯ ಮಾತೆತ್ತಿದ್ದರೆ ಒಂದೇ ಉಸಿರಿಗೆ ಅವಳ ಬಾಯಿ ಮುಚ್ಚುತ್ತಿತ್ತು. ಈ ಮನುಷ್ಯ ಎತ್ತಲಿಲ್ಲ. ಟವೆಲ್ಲು ಕೊಡವಿ ಎದ್ದು ಹೋಗುತ್ತಿದ್ದ.

"ಇಷ್ಟ ವರ್ಷ ಹೆಂಗ ಸುಮ್ನಿದ್ರಿ?" ಎಂದಳು.

"ತಂದಾಂವ ನಾನ ಅಲ್ಲೇನು. ಅಷ್ಟರ ಹೊರಬೇಕಲ್ಲ" ಎಂದ ವಿರುಪಾಕ್ಷಪ್ಪ. ಎಮ್ಮೆ ತಿರುಗಿ ನೋಡಿತು. ಅದರ ಕೊರಳು ಸವರಿದ.

ಅಂದು ಬುತ್ತಿ ಒಯ್ದವಳು ಕಾಳವ್ವ. ಬರುವಾಗ ಗಿಡದಲ್ಲೇ ಹಣ್ಣಾದವನ್ನು ಆರಿಸಿ ಸೆರಗಿನ ತುಂಬ ಹರಿದುಕೊಂಡಳು. ಬಿಸಿಲಿಗೆ ಬೆಚ್ಚಗಾಗಿದ್ದವು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು, ಆಮೇಲೆ ದಾಟಿದಳು. ಓಣಿಯ ಹೆಂಗಸರು ಹಿಂದಿನಿಂದ ನೋಡುತ್ತಿದ್ದರೇನೋ. ನೋಡಲಿ ಬಿಡು ಎಂದುಕೊಂಡಳು.

ಊಟಕ್ಕೆ ಕೂತ ವಿರುಪಾಕ್ಷಪ್ಪನ ತಾಟಿನಲ್ಲಿ ರೊಟ್ಟಿಯ ಪಕ್ಕ ಒಂದು ಇಡೀ ಹಣ್ಣು ಇತ್ತು, ಅದರ ಪಕ್ಕ ಚಿಟಿಕೆ ಉಪ್ಪು. ಅವನು ಹಣ್ಣನ್ನು ಕೈಗೆತ್ತಿಕೊಂಡು, ಹೆಂಡತಿಯ ಮುಖ ನೋಡಿ, ಕಚ್ಚಿದ. ಕಣ್ಣು ಮುಚ್ಚಿ ಅಗಿದ. ಮಿರಜಿನ ಸಂತೆಯಲ್ಲಿ ಮರುಳಾದ ಆ ರುಚಿ ಅವನಿಗೆ ಮರೆತೇ ಇರಲಿಲ್ಲವೆಂದು ಕಾಣುತ್ತದೆ.

ಚನ್ನವ್ವ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಕಾಳವ್ವ ಅವಳನ್ನು ಕೈಹಿಡಿದು ತಂದು ಪಕ್ಕದಲ್ಲಿ ಕೂಡಿಸಿ, ಇದ್ದುದರಲ್ಲಿ ದೊಡ್ಡ ಹಣ್ಣನ್ನು ತೊಳೆದು ಅವಳ ಕೈಯಲ್ಲಿಟ್ಟಳು. ಮನೆಗೆ ಆಗಿಬರುವುದಿಲ್ಲ ಅಂದಿದ್ದಿರಲ್ಲ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ವಿರುಪಾಕ್ಷಪ್ಪ ಅಗಿಯುವುದನ್ನು ನಿಲ್ಲಿಸಿದ.

"ತಪ್ಪ ಹಣ್ಣಿಂದಲ್ಲವಾ. ತಂದಾವರದೂ ಅಲ್ಲ. ತಪ್ಪ ಬೋಗುಣಿದು" ಎಂದಳು ಕಾಳವ್ವ.

ವಿರುಪಾಕ್ಷಪ್ಪ ತಲೆ ತಗ್ಗಿಸಿ, ಉಳಿದ ಅರ್ಧ ಹಣ್ಣನ್ನು ಉಪ್ಪಿಗೆ ಒತ್ತಿದ. ಕಾಳವ್ವ ತನ್ನ ಪಾಲಿಗೂ ಒಂದು ತೆಗೆದುಕೊಂಡಳು. ಕಚ್ಚಿದಳು; ಹುಳಿ, ಅದರ ಹಿಂದೆ ಸಿಹಿ. ನುಂಗಿದಮೇಲೆ ಸೊಸೆಯ ಕಡೆ ತಿರುಗಿ, ಬಹಳ ವರ್ಷಗಳ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದಳು.

"ನಮ್ಮ ರುಕ್ಮಿಗೆ ಇದು ಬಾಳ ಸೇರಿತ್ತವಾ. ಬೇಡಿ ಬೇಡಿ ಹಾಕಿಸ್ಕೊಂಡಿದ್ಳು."